ಫಿಟ್ಸ್ ಮಾತ್ರೆಯೇ ನಡಿಗೆ ತಪ್ಪಿಸುವಾಗ

ಫಿಟ್ಸ್‌ಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ನಡೆಯುವಾಗ ಜೋಲಿ ಹೊಡೆಯತೊಡಗಿದರೆ ಮನೆಯವರಿಗೆ ಮೊದಲು ಅನುಮಾನ ಬರುವುದು ರೋಗದ ಮೇಲೆ. ಕಾಯಿಲೆ ಜಾಸ್ತಿಯಾಯಿತು, ಮೆದುಳಿಗೆ ಏನೋ ಆಯಿತು, ಲಕ್ವ ಹೊಡೆಯಿತೇನೋ ಎಂದು ಸ್ಕ್ಯಾನಿಂಗ್‌ಗೆ ಓಡುತ್ತಾರೆ. ಕೆಲವು ಕಡೆ 'ಕುಡಿದಿದ್ದಾನೆ' ಎಂಬ ಮಾತೇ ಮೊದಲು ಹೊರಡುತ್ತದೆ. ದಿನಾ ನುಂಗುವ ಮಾತ್ರೆಯ ಮೇಲೆ ಅನುಮಾನ ಬರುವುದು ಕಟ್ಟಕಡೆಗೆ. ಬಂದಾಗಲೂ 'ಮಾತ್ರೆ ಹೀಟು, ಇವತ್ತಿನಿಂದ ಬೇಡ' ಎಂದು ಒಂದೇ ಏಟಿಗೆ ನಿಲ್ಲಿಸಿಬಿಡುತ್ತಾರೆ. ಆಮೇಲೆ ಎರಡು ಮೂರು ದಿನದಲ್ಲಿ ಒಂದರ ಹಿಂದೊಂದು ಫಿಟ್ಸ್ ಬಂದು ಐಸಿಯು ಸೇರುವ ಪರಿಸ್ಥಿತಿ.

ಔಷಧ ಮಿತಿಮೀರಿದೆ ಎಂಬುದನ್ನು ಮೆದುಳು ಸಾಕಷ್ಟು ಮೊದಲೇ ತಿಳಿಸುತ್ತದೆ, ಅದೂ ಬಹುಮಟ್ಟಿಗೆ ಒಂದು ಕ್ರಮದಲ್ಲಿ. ಆ ಕ್ರಮವನ್ನು ಓದಲು ಯಂತ್ರ ಬೇಡ. ಒಂದು ಬೆರಳು, ನಾಲ್ಕು ಹೆಜ್ಜೆ ನಡೆಯುವಷ್ಟು ಜಾಗ, ಒಂದು ಕಾಗದ ಸಾಕು. ಇದು ರೋಗಿಯ ಮನೆಯವರಿಗೂ, ತಾಲ್ಲೂಕು ಆಸ್ಪತ್ರೆಯಲ್ಲಿ ದಿನಕ್ಕೆ ನೂರು ಜನರನ್ನು ನೋಡುವ ವೈದ್ಯರಿಗೂ ಗೊತ್ತಿರಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಏಕೆಂದರೆ ತಡವಾದರೆ ಆಗುವ ಹಾನಿ ಕೆಲವರಲ್ಲಿ ಶಾಶ್ವತ.

ಹೆಚ್ಚು ಹೇಳಬೇಕಿರುವುದು ಫೆನಿಟಾಯಿನ್ ಬಗ್ಗೆ. ನಮ್ಮ ಕಡೆ ಎಪ್ಟಾಯಿನ್ ಎಂದರೆ ಎಲ್ಲರಿಗೂ ಗೊತ್ತು. 1908ರಲ್ಲಿ ಜರ್ಮನಿಯ ಹೈನ್ರಿಕ್ ಬಿಲ್ಟ್ಸ್ ತಯಾರಿಸಿದ ಈ ರಾಸಾಯನಿಕ ಮೂವತ್ತು ವರ್ಷ ಯಾರ ಗಮನಕ್ಕೂ ಬಾರದೆ ಬಿದ್ದಿತ್ತು. 1938ರಲ್ಲಿ ಬಾಸ್ಟನ್ನಿನ ಮೆರಿಟ್ ಮತ್ತು ಪಟ್ನಮ್ ಬೆಕ್ಕುಗಳ ಮೇಲೆ ಪರೀಕ್ಷಿಸಿ, ಇದು ನಿದ್ದೆ ಬರಿಸದೆಯೇ ಫಿಟ್ಸ್ ತಡೆಯುತ್ತದೆ ಎಂದು ತೋರಿಸಿದರು. ಅಲ್ಲಿಯವರೆಗೆ ಇದ್ದ ಫೀನೋಬಾರ್ಬಿಟೋನ್ ರೋಗಿಯನ್ನು ಮಂಪರಿನಲ್ಲೇ ಇಡುತ್ತಿತ್ತು. ಅಗ್ಗ, ದಿನಕ್ಕೆ ಒಂದೋ ಎರಡೋ ಸಲ ನುಂಗಿದರೆ ಸಾಕು, ತುರ್ತಿಗೆ ಇಂಜೆಕ್ಷನ್ ಆಗಿಯೂ ಸಿಗುತ್ತದೆ. ಹಾಗಾಗಿ ಹೊಸ ಔಷಧಗಳು ಎಷ್ಟು ಬಂದರೂ ಇದು ಹೋಗಿಲ್ಲ, ಹೋಗಬೇಕಾಗಿಯೂ ಇಲ್ಲ. ಆದರೆ ಇದರಷ್ಟು ಸುಲಭವಾಗಿ ಕೈಜಾರುವ ಫಿಟ್ಸ್ ಔಷಧ ಇನ್ನೊಂದಿಲ್ಲ.

ಕಾರಣ ಲೆಕ್ಕದಲ್ಲಿದೆ. ಬಹುತೇಕ ಔಷಧಗಳಲ್ಲಿ ಡೋಸ್ ಎರಡು ಪಟ್ಟಾದರೆ ರಕ್ತದಲ್ಲಿನ ಮಟ್ಟವೂ ಎರಡು ಪಟ್ಟಾಗುತ್ತದೆ. ಫೆನಿಟಾಯಿನ್‌ಗೆ ಈ ಲೆಕ್ಕ ನಡೆಯುವುದಿಲ್ಲ. ಅದನ್ನು ಒಡೆದು ಹೊರಹಾಕುವ ಯಕೃತ್ತಿನ ಕಿಣ್ವಕ್ಕೆ ದಿನಕ್ಕೆ ಇಷ್ಟೇ ಎಂಬ ಮಿತಿಯಿದೆ, ಚಿಕಿತ್ಸೆಯ ಡೋಸ್ ಆ ಮಿತಿಯ ಪಕ್ಕದಲ್ಲೇ ನಿಂತಿರುತ್ತದೆ. ಕೆರೆಯ ತೂಬು ಬಿಡುವಷ್ಟೇ ನೀರು ಒಳಗೆ ಬರುತ್ತಿದ್ದರೆ ಮಟ್ಟ ನಿಲ್ಲುತ್ತದೆ. ಒಳಹರಿವು ಸ್ವಲ್ಪ ಹೆಚ್ಚಾದರೂ ದಿನಾ ಏರುತ್ತಲೇ ಹೋಗುತ್ತದಲ್ಲ, ಹಾಗೆ. ಸರಾಸರಿ ವಯಸ್ಕರಲ್ಲಿ ಈ ಮಿತಿ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 7 ಮಿ.ಗ್ರಾಂ. 60 ಕಿಲೋ ತೂಕದವರಿಗೆ 420 ಮಿ.ಗ್ರಾಂ ಆಯಿತು. ಕಿಣ್ವ ತನ್ನ ಅರ್ಧ ಸಾಮರ್ಥ್ಯದಲ್ಲಿ ದುಡಿಯುವುದು ರಕ್ತದ ಮಟ್ಟ 4 ಮೈಕ್ರೋಗ್ರಾಂ ಆಸುಪಾಸು ಇರುವಾಗ (ಪ್ರತಿ ಮಿಲಿಲೀಟರಿಗೆ, ಮುಂದೆಯೂ ಇದೇ ಅಳತೆ). ಹಾಗಾದರೆ ದಿನದ ಡೋಸನ್ನು 4ರಿಂದ ಗುಣಿಸಿ, 420ರಲ್ಲಿ ಡೋಸ್ ಕಳೆದು ಉಳಿದದ್ದರಿಂದ ಭಾಗಿಸಿದರೆ ರಕ್ತದ ಮಟ್ಟ ಕೊನೆಗೆ ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ಗೊತ್ತಾಗುತ್ತದೆ.

ದಿನಕ್ಕೆ 300 ಮಿ.ಗ್ರಾಂ ಕೊಟ್ಟರೆ 1200 ಭಾಗಿಸು 120, ಅಂದರೆ 10. ಇದು ಸರಿಯಾದ ಮಟ್ಟ. 10ರಿಂದ 20ರವರೆಗೆ ಚಿಕಿತ್ಸೆಯ ವ್ಯಾಪ್ತಿ. 350 ಕೊಟ್ಟರೆ 1400 ಭಾಗಿಸು 70, ಅಂದರೆ 20. ಐವತ್ತು ಮಿ.ಗ್ರಾಂ ಸೇರಿದ್ದಕ್ಕೆ ಮಟ್ಟ ಎರಡು ಪಟ್ಟಾಯಿತು. 400 ಕೊಟ್ಟರೆ? 1600 ಭಾಗಿಸು 20. ಎಂಬತ್ತು! 'ಫಿಟ್ಸ್ ಇನ್ನೂ ಬರ್ತಿದೆ, ಇನ್ನೊಂದು ಮಾತ್ರೆ ಸೇರಿಸಿ' ಎಂದು 100 ಮಿ.ಗ್ರಾಂ ಏರಿಸುವುದು ಎಷ್ಟು ಸಹಜವಾಗಿ ಕಾಣುತ್ತದೆ, ಅದರ ಫಲ ಎಷ್ಟು ಭೀಕರವಾಗಬಹುದು ಎಂಬುದಕ್ಕೆ ಈ ಮೂರು ಅಂಕಿ ಸಾಕು. ಎಲ್ಲರ ಕಿಣ್ವವೂ ಇಷ್ಟೇ ದುಡಿಯುವುದಿಲ್ಲ. ಹುಟ್ಟಿನಿಂದಲೇ ನಿಧಾನದ ಕಿಣ್ವ ಇರುವವರಲ್ಲಿ 200 ಮಿ.ಗ್ರಾಂಗೇ ಮಟ್ಟ ಮಿತಿ ದಾಟಬಹುದು, ಕೆಲವರಿಗೆ 400 ಕೊಟ್ಟರೂ ಏನೂ ಆಗದಿರಬಹುದು. ಆದರೆ ಏರುವ ರೀತಿ ಮಾತ್ರ ಎಲ್ಲರಲ್ಲೂ ಇದೇ. ಅದಕ್ಕೇ 300 ದಾಟಿದ ಮೇಲೆ ಏರಿಸಬೇಕಾದರೆ 25ರಿಂದ 50 ಮಿ.ಗ್ರಾಂ ಮಾತ್ರ ಏರಿಸಬೇಕು. 50ರ ಮಾತ್ರೆ ಇರುವುದೇ ಈ ಕೆಲಸಕ್ಕೆ.

ಇನ್ನೊಂದು ಮೋಸ ಸಮಯದ್ದು. ಡೋಸ್ ಏರಿಸಿದ ದಿನವೇ ಜೋಲಿ ಬರುವುದಿಲ್ಲ. ಮಟ್ಟ ಹೆಚ್ಚಿದಷ್ಟೂ ಹೊಸ ಮಟ್ಟಕ್ಕೆ ಹೋಗಿ ನಿಲ್ಲಲು ಹೆಚ್ಚು ದಿನ ಬೇಕು. ಒಂದು ವಾರ ಎಂದುಕೊಂಡಿದ್ದು ಎರಡು, ಮೂರು ವಾರವೂ ಆಗುತ್ತದೆ. ತಿಂಗಳ ಮೊದಲ ದಿನ ಮಾತ್ರೆ ಜಾಸ್ತಿ ಮಾಡಿದ್ದು, ಇಪ್ಪತ್ತನೇ ತಾರೀಕು ನಡಿಗೆ ಕೆಟ್ಟದ್ದು. ಎರಡಕ್ಕೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯುವುದಿಲ್ಲ.

ಮೆದುಳಿನಲ್ಲಿ ಏನಾಗುತ್ತದೆ? ಫಿಟ್ಸ್ ಬರುವಾಗ ನರಕೋಶಗಳು ಎಡೆಬಿಡದೆ ಸಂಕೇತ ಹೊರಡಿಸುತ್ತವೆ. ಆ ಸಂಕೇತ ಹುಟ್ಟುವುದು ಕೋಶದ ಗೋಡೆಯಲ್ಲಿರುವ ಸೋಡಿಯಂ ದ್ವಾರಗಳು ತೆರೆದಾಗ. ಫೆನಿಟಾಯಿನ್, ಕಾರ್ಬಮಾಜಪೈನ್ ಮುಂತಾದ ಫಿಟ್ಸ್ ಔಷಧಗಳು ಆ ದ್ವಾರ ಮತ್ತೆ ಮತ್ತೆ ಬೇಗ ತೆರೆಯದಂತೆ ಹಿಡಿಯುತ್ತವೆ. ಆದರೆ ಎಡೆಬಿಡದೆ ದುಡಿಯುವ ಆರೋಗ್ಯವಂತ ಕೋಶಗಳೂ ಮೆದುಳಿನಲ್ಲಿವೆ. ನಡಿಗೆಯ ಹದ, ಕಣ್ಣಿನ ಚಲನೆ, ಮಾತಿನ ಲಯ ನೋಡಿಕೊಳ್ಳುವ ಕಿರುಮೆದುಳು ಅಂಥವುಗಳಿಂದಲೇ ತುಂಬಿದೆ. ಔಷಧ ಹೆಚ್ಚಾದಾಗ ಮೊದಲು ಎಡವುವುದು ಅಲ್ಲಿಯೇ.

ಕ್ರಮ ಹೀಗೆ. ಮಟ್ಟ 20 ದಾಟಿದಾಗ ಕಣ್ಣುಗುಡ್ಡೆ ಅದುರತೊಡಗುತ್ತದೆ. 30ರ ಆಸುಪಾಸಿನಲ್ಲಿ ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ, ವಸ್ತುಗಳು ಎರಡೆರಡಾಗಿ ಕಾಣುತ್ತವೆ. 40 ದಾಟಿದರೆ ಮಂಪರು, ಗೊಂದಲ, ವಾಂತಿ. ಅದಕ್ಕೂ ಮೇಲೆ ಹೋದರೆ ಎಚ್ಚರ ತಪ್ಪುತ್ತದೆ. ಈ ಅಂಕಿಗಳು ಗೆರೆ ಕೊರೆದಂತೆ ಇರುವುದಿಲ್ಲ, ಒಬ್ಬೊಬ್ಬರಲ್ಲಿ ಹಿಂದುಮುಂದಾಗುತ್ತವೆ. ಜೊತೆಗೆ ಬೇರೆ ಫಿಟ್ಸ್ ಔಷಧವೂ ಇದ್ದರೆ ಇನ್ನೂ ಕೆಳಗಿನ ಮಟ್ಟದಲ್ಲೇ ಲಕ್ಷಣ ಕಾಣುತ್ತದೆ.

ಕಣ್ಣು ನೋಡುವ ಬಗೆ ಹೀಗೆ. ರೋಗಿಯನ್ನು ಬೆಳಕಿಗೆ ಮುಖ ಮಾಡಿ ಕೂರಿಸಿ. ಮುಖದಿಂದ ಒಂದೂವರೆ ಅಡಿ ದೂರದಲ್ಲಿ ನಿಮ್ಮ ತೋರುಬೆರಳು ಹಿಡಿದು, ತಲೆ ಅಲ್ಲಾಡಿಸದೆ ಕಣ್ಣಿನಿಂದ ಮಾತ್ರ ಬೆರಳನ್ನು ಹಿಂಬಾಲಿಸಲು ಹೇಳಿ. ಬೆರಳನ್ನು ನಿಧಾನವಾಗಿ ಬಲಕ್ಕೆ ಒಯ್ದು ಐದು ಸೆಕೆಂಡ್ ನಿಲ್ಲಿಸಿ, ಆಮೇಲೆ ಎಡಕ್ಕೆ. ಕರಿಗುಡ್ಡೆ ಕಣ್ಣಿನ ಮೂಲೆಗೆ ಪೂರ್ತಿ ತಾಗುವಷ್ಟು ದೂರ ಒಯ್ಯಬಾರದು. ಅಲ್ಲಿ ಆರೋಗ್ಯವಂತರ ಕಣ್ಣೂ ಎರಡು ಮೂರು ಸಲ ಅದುರಿ ನಿಲ್ಲುತ್ತದೆ. ಅದಕ್ಕಿಂತ ಒಳಗೇ, ಬೆರಳು ನಿಂತಿರುವಾಗಲೂ ಕಣ್ಣು ಮಧ್ಯದ ಕಡೆಗೆ ಮೆಲ್ಲನೆ ಜಾರಿ ಮತ್ತೆ ಥಟ್ಟನೆ ಬೆರಳಿನತ್ತ ಹಾರುತ್ತ, ನಿಲ್ಲದೆ ಹಾಗೇ ಮಾಡುತ್ತಿದ್ದರೆ ಅದು ಔಷಧದ ಮೊದಲ ಸೂಚನೆ. ರೋಗಿಗೆ ಇದು ಗೊತ್ತೇ ಆಗಿರುವುದಿಲ್ಲ, ಏಕೆಂದರೆ ನೇರ ನೋಡುವಾಗ ಎಲ್ಲ ಸರಿಯಿರುತ್ತದೆ. ಬರೀ ಇಷ್ಟೇ ಇದ್ದು ಬೇರೇನೂ ತೊಂದರೆ ಇಲ್ಲದಿದ್ದರೆ ವೈದ್ಯರು ಡೋಸ್ ಹಾಗೇ ಬಿಡಬಹುದು, ಆದರೆ ಅಲ್ಲಿಂದ ಮೇಲಕ್ಕೆ ಏರಿಸಲು ಜಾಗವಿಲ್ಲ ಎಂದು ಅರ್ಥ.

ನಡಿಗೆಗೆ ಬಂದರೆ, ಒಂದು ಪಾದದ ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗಿಸುತ್ತ ಗೆರೆಯ ಮೇಲೆ ಹತ್ತು ಹೆಜ್ಜೆ ನಡೆಸಬೇಕು. ಪಕ್ಕದಲ್ಲೇ ಒಬ್ಬರು ನಿಂತಿರಬೇಕು. ಸಾದಾ ನಡಿಗೆಯಲ್ಲಿ ಏನೂ ಕಾಣದವರೂ ಇಲ್ಲಿ ಪಕ್ಕಕ್ಕೆ ವಾಲುತ್ತಾರೆ. ಕಾಗದದ ಮೇಲೆ ಹೆಸರು, ಊರು, ತಾರೀಕು ಬರೆಸಿ. ಎರಡು ತಿಂಗಳ ಹಿಂದಿನ ಬರಹ ಮನೆಯಲ್ಲಿದ್ದರೆ ಪಕ್ಕದಲ್ಲಿಟ್ಟು ನೋಡಿ. ಅಕ್ಷರ ದೊಡ್ಡದಾಗಿ, ಗೆರೆ ತಪ್ಪಿ, ಅಂಕುಡೊಂಕಾಗಿದ್ದರೆ ಆ ಕಾಗದವನ್ನೇ ವೈದ್ಯರಿಗೆ ತೋರಿಸಿ. ಮಾತಿನಲ್ಲಿ ಅದು, ಇದು ಎಂದು ವಿವರಿಸುವುದಕ್ಕಿಂತ ಅದು ಎಷ್ಟೋ ಮೇಲು.

ಈ ಲಕ್ಷಣಗಳು ಮರೆಯಾಗಿ ಕೂರುವುದು ಬುದ್ಧಿಮಾಂದ್ಯ ಇರುವ ಮಕ್ಕಳಲ್ಲಿ, ಮೊದಲೇ ಸರಿಯಾಗಿ ನಡೆಯಲಾಗದವರಲ್ಲಿ. ಅವರಲ್ಲಿ ನಡಿಗೆ ಕೆಟ್ಟಿದ್ದು ಯಾರಿಗೆ ತಾನೆ ತಿಳಿಯಬೇಕು? ಊಟ ಬಿಟ್ಟದ್ದು, ಯಾವಾಗಲೂ ಮಲಗಿರುವುದು, ಇದ್ದಕ್ಕಿದ್ದಂತೆ ಹಟ, ನಿನ್ನೆವರೆಗೆ ಹಿಡಿದು ನಿಲ್ಲುತ್ತಿದ್ದ ಮಗು ಇವತ್ತು ನಿಲ್ಲದಿರುವುದು, ಇವೇ ಸುಳಿವು. ಕೆಲವರಲ್ಲಿ ಬಾಯಿ, ನಾಲಿಗೆ, ಕೈಕಾಲು ತಾವಾಗಿ ತಿರುಚಿಕೊಳ್ಳುವುದೂ ಉಂಟು. ಇನ್ನೂ ಅಪಾಯದ ಸಂಗತಿಯೆಂದರೆ, ಮಟ್ಟ ಬಹಳ ಏರಿದಾಗ ಕೆಲವರಿಗೆ ಫಿಟ್ಸೇ ಜಾಸ್ತಿಯಾಗುತ್ತದೆ. ಅದನ್ನು ನೋಡಿ ಡೋಸ್ ಇನ್ನೂ ಏರಿಸಿದರೆ ಕಥೆ ಕೈಮೀರುತ್ತದೆ. ಫೆನಿಟಾಯಿನ್ ತೆಗೆದುಕೊಳ್ಳುವವರಲ್ಲಿ ಫಿಟ್ಸ್ ಹೆಚ್ಚಾಗಿ, ಜೊತೆಗೆ ಜೋಲಿಯೂ ಇದ್ದರೆ, ರಕ್ತ ಪರೀಕ್ಷೆಗೆ ಮುಂಚೆ ಡೋಸ್ ಏರಿಸಲೇಬಾರದು.

ಡೋಸ್ ಬದಲಿಸದೆಯೇ ಮಟ್ಟ ಏರುವ ದಾರಿಗಳು ಹಲವು. ನಮ್ಮ ದೇಶಕ್ಕೆ ಬಹಳ ಮುಖ್ಯವಾದದ್ದು ಟಿಬಿ. ಮೊದಲ ಸಲ ಫಿಟ್ಸ್ ಬಂದವರ ಸ್ಕ್ಯಾನ್‌ನಲ್ಲಿ ನಮ್ಮಲ್ಲಿ ಸಾಮಾನ್ಯವಾಗಿ ಕಾಣುವುದು ಲಾಡಿಹುಳದ ಗೂಡು, ಇಲ್ಲವೇ ಕ್ಷಯದ ಗಡ್ಡೆ. ಎರಡನೆಯದಾದರೆ ಟಿಬಿ ಮಾತ್ರೆಯೂ ಫಿಟ್ಸ್ ಮಾತ್ರೆಯೂ ಒಂದೇ ಸಮಯಕ್ಕೆ ಶುರುವಾಗುತ್ತವೆ. ಟಿಬಿ ಮಾತ್ರೆಯಲ್ಲಿರುವ ಐಸೋನಿಯಜಿಡ್ ಫೆನಿಟಾಯಿನ್ ಒಡೆಯುವುದನ್ನು ನಿಧಾನಗೊಳಿಸುತ್ತದೆ. ಐಸೋನಿಯಜಿಡ್ ದೇಹದಿಂದ ನಿಧಾನವಾಗಿ ಹೋಗುವ ಜನರಲ್ಲಿ ಈ ಪರಿಣಾಮ ಜೋರು, ಭಾರತೀಯರಲ್ಲಿ ಅಂಥವರು ಬಹಳ. ಅದೇ ಮಾತ್ರೆಯಲ್ಲಿರುವ ರಿಫಾಂಪಿಸಿನ್ ಇದಕ್ಕೆ ಉಲ್ಟಾ, ಫೆನಿಟಾಯಿನ್ ಬೇಗ ಖಾಲಿಯಾಗುವಂತೆ ಮಾಡುತ್ತದೆ. ಎರಡರ ಜಗ್ಗಾಟದಲ್ಲಿ ಯಾವುದು ಗೆಲ್ಲುತ್ತದೆಂದು ಮುಂಚೆ ಹೇಳಲಾಗದು. ಹಾಗಾಗಿ ಟಿಬಿ ಚಿಕಿತ್ಸೆ ಶುರುವಾಗಿ ಎರಡು ಮೂರು ವಾರವಾದಾಗಲೊಮ್ಮೆ, ಲಿವರ್ ತೊಂದರೆಯೆಂದು ಯಾವುದಾದರೂ ಟಿಬಿ ಔಷಧ ನಿಲ್ಲಿಸಿದಾಗಲೊಮ್ಮೆ, ಚಿಕಿತ್ಸೆ ಮುಗಿದ ಮೇಲೊಮ್ಮೆ ಫೆನಿಟಾಯಿನ್ ಮಟ್ಟ ನೋಡಲೇಬೇಕು. ಕಡೆಯದನ್ನು ಮರೆಯುವವರೇ ಹೆಚ್ಚು. ರಿಫಾಂಪಿಸಿನ್ ಜೊತೆಗಿದ್ದಾಗ ಹೊಂದಿಸಿದ ದೊಡ್ಡ ಡೋಸ್, ಅದು ನಿಂತ ಎರಡು ಮೂರು ವಾರದಲ್ಲಿ ವಿಷವಾಗಬಹುದು.

ಹುಳುಕಡ್ಡಿ, ಬಿಳಿಸೆರಗು ಎಂದು ಕೊಡುವ ಫ್ಲುಕೊನಜೋಲ್ ಫೆನಿಟಾಯಿನ್ ಮಟ್ಟವನ್ನು ಏರಿಸುತ್ತದೆ. ಮೆಡಿಕಲ್ ಶಾಪ್‌ನಲ್ಲಿ ಚೀಟಿಯಿಲ್ಲದೆ ಕೇಳಿ ತರುವ ಔಷಧಗಳಲ್ಲಿ ಇದೂ ಒಂದು. ಸಿರಪ್ ಕುಡಿಸುವವರಲ್ಲಿ ಬೇರೆಯದೇ ತೊಂದರೆ. ಫೆನಿಟಾಯಿನ್ ನೀರಿನಲ್ಲಿ ಕರಗುವುದಿಲ್ಲ, ಪುಡಿಯಾಗಿ ತೇಲುತ್ತಿರುತ್ತದೆ, ಬಾಟಲಿ ಇಟ್ಟಲ್ಲಿ ತಳಕ್ಕೆ ಕೂರುತ್ತದೆ. ಚೆನ್ನಾಗಿ ಕುಲುಕದೆ ಕೊಟ್ಟರೆ ಬಾಟಲಿಯ ಮೊದಲರ್ಧದಲ್ಲಿ ಔಷಧ ಸಾಲದೆ ಮಗುವಿಗೆ ಫಿಟ್ಸ್, ಕೊನೆಯರ್ಧದಲ್ಲಿ ಹೆಚ್ಚಾಗಿ ಮಂಪರು. ಪ್ರತಿ ಸಲ ಅರ್ಧ ನಿಮಿಷ ಕುಲುಕಿ, ಅಡುಗೆ ಮನೆಯ ಚಮಚ ಬಿಟ್ಟು ಮಿಲಿಲೀಟರ್ ಗುರುತಿರುವ ಸಿರಿಂಜ್‌ನಲ್ಲೇ ಅಳೆಯಿರಿ. 5 ಮಿ.ಲೀ.ನಲ್ಲಿ 30 ಮಿ.ಗ್ರಾಂ ಇರುವ ಸಿರಪ್ಪೂ ಇದೆ, 125 ಇರುವುದೂ ಇದೆ; ಒಂದರ ಬದಲು ಇನ್ನೊಂದು ಬಂದರೆ ಡೋಸ್ ನಾಲ್ಕು ಪಟ್ಟು. ಮಾತ್ರೆಯಿಂದ ಸಿರಪ್‌ಗೆ ಬದಲಾಯಿಸುವಾಗಲೂ ಒಂದು ಸೂಕ್ಷ್ಮವಿದೆ: ಮಾತ್ರೆಯಲ್ಲಿ ಸಾಮಾನ್ಯವಾಗಿ ಇರುವುದು ಸೋಡಿಯಂ ಲವಣ, ಅದರ 100 ಮಿ.ಗ್ರಾಂನಲ್ಲಿ ಫೆನಿಟಾಯಿನ್ 92 ಮಾತ್ರ. ಸಿರಪ್‌ನಲ್ಲಿ ಲವಣವಲ್ಲ, ಫೆನಿಟಾಯಿನ್ನೇ ಇರುತ್ತದೆ. ಎಂಟು ಮಿ.ಗ್ರಾಂ ವ್ಯತ್ಯಾಸ ಬೇರೆ ಔಷಧಕ್ಕೆ ಲೆಕ್ಕಕ್ಕಿಲ್ಲ, ಇದಕ್ಕೆ ಲೆಕ್ಕಕ್ಕಿದೆ.

ಮಾತ್ರೆಯ ತಯಾರಿಕೆ ಬದಲಾದರೆ ಏನಾಗಬಹುದು ಎಂಬುದಕ್ಕೆ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ನಡೆದದ್ದು ಇಂದಿಗೂ ಪಾಠ. 1968ರ ಸುಮಾರಿಗೆ ಅಲ್ಲಿ ಫೆನಿಟಾಯಿನ್ ತೆಗೆದುಕೊಳ್ಳುತ್ತಿದ್ದ ಹಲವರು ಒಂದೇ ಕಾಲಕ್ಕೆ ತೂರಾಡುತ್ತ ಆಸ್ಪತ್ರೆಗೆ ಬಂದರು. ಯಾರ ಡೋಸೂ ಬದಲಾಗಿರಲಿಲ್ಲ. ಹುಡುಕಿದಾಗ ಸಿಕ್ಕಿದ್ದು ಇಷ್ಟು: ಕ್ಯಾಪ್ಸೂಲ್ ತುಂಬಲು ಬಳಸುತ್ತಿದ್ದ ಕ್ಯಾಲ್ಸಿಯಂ ಸಲ್ಫೇಟ್ ಬದಲಿಗೆ ಲ್ಯಾಕ್ಟೋಸ್ ಹಾಕಿದ್ದರು. ಮೊದಲಿನ ಪುಡಿ ಔಷಧವನ್ನು ಕರುಳಿನಲ್ಲಿ ಹಿಡಿದಿಡುತ್ತಿತ್ತು, ಹೊಸದು ಪೂರ್ತಿ ಬಿಟ್ಟುಕೊಟ್ಟಿತು. ಔಷಧ ಅಲ್ಲವೇ ಅಲ್ಲದ ಪುಡಿಯೊಂದು ಇಷ್ಟು ಜನರ ಕಿರುಮೆದುಳನ್ನು ಅಲುಗಿಸಿತು. ಎಲ್ಲ ಕಂಪನಿಯ ಮಾತ್ರೆಯೂ ಒಂದೇ ಎಂದು ಬಹುತೇಕ ಔಷಧಗಳ ಬಗ್ಗೆ ಧೈರ್ಯವಾಗಿ ಹೇಳಬಹುದು. ಫೆನಿಟಾಯಿನ್ ವಿಷಯದಲ್ಲಿ ಸಾಧ್ಯವಾದಷ್ಟು ಒಂದೇ ಕಂಪನಿಯದ್ದಕ್ಕೆ ಅಂಟಿಕೊಳ್ಳುವುದೇ ಸರಿ. ಬದಲಾದರೆ ತಾರೀಕು ಬರೆದಿಟ್ಟು, ಮೂರು ವಾರ ನಡಿಗೆಯ ಮೇಲೆ ಕಣ್ಣಿಡಿ.

ರಕ್ತ ಪರೀಕ್ಷೆ ಮಾಡಿಸುವುದರಲ್ಲೂ ತಪ್ಪುವುದುಂಟು. ರಕ್ತ ಕೊಡಬೇಕಾದ್ದು ಬೆಳಗಿನ ಡೋಸ್ ನುಂಗುವ ಮೊದಲು. ಕೊನೆಯ ಮಾತ್ರೆ ಎಷ್ಟು ಹೊತ್ತಿಗೆ ನುಂಗಿದ್ದು ಎಂದು ಚೀಟಿಯಲ್ಲಿ ಬರೆಸಬೇಕು. ವಿಷದ ಲಕ್ಷಣ ಕಾಣುತ್ತಿದ್ದರೆ ಮಾತ್ರ ಬೆಳಗಿನವರೆಗೆ ಕಾಯಬಾರದು, ಆಗಲೇ ಕೊಡಬೇಕು. ರಿಪೋರ್ಟ್‌ನಲ್ಲಿ ಅಂಕಿ ಸರಿಯಿದ್ದರೂ ವಿಷವಾಗಿರಲು ಸಾಧ್ಯ. ರಕ್ತದಲ್ಲಿ ಫೆನಿಟಾಯಿನ್‌ನ ಶೇ. 90 ಭಾಗ ಆಲ್ಬುಮಿನ್ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಮೆದುಳಿಗೆ ಹೋಗುವುದು ಉಳಿದ ಶೇ. 10 ಮಾತ್ರ. ಅಪೌಷ್ಟಿಕತೆ, ಲಿವರ್ ಕಾಯಿಲೆ, ಕಿಡ್ನಿ ಕಾಯಿಲೆ, ಬಹುದಿನ ಹಾಸಿಗೆ ಹಿಡಿದಿರುವುದು, ಇವುಗಳಲ್ಲಿ ಆಲ್ಬುಮಿನ್ ಇಳಿದಿದ್ದರೆ ಬಿಡಿಯಾಗಿ ಓಡಾಡುವ ಔಷಧ ಹೆಚ್ಚು. ಲೆಕ್ಕ ಹಾಕುವುದು ಹೀಗೆ: ಆಲ್ಬುಮಿನ್ ಅಂಕಿಯನ್ನು (ಪ್ರತಿ ಡೆಸಿಲೀಟರಿಗೆ ಗ್ರಾಂನಲ್ಲಿ) 0.2ರಿಂದ ಗುಣಿಸಿ 0.1 ಕೂಡಿಸಿ, ಬಂದದ್ದರಿಂದ ಫೆನಿಟಾಯಿನ್ ಅಂಕಿಯನ್ನು ಭಾಗಿಸಬೇಕು. ಆಲ್ಬುಮಿನ್ 2 ಇರುವವರ ರಿಪೋರ್ಟ್ 10 ಎಂದರೆ, ಅದು ವಾಸ್ತವದಲ್ಲಿ 20ಕ್ಕೆ ಸಮ. ಅದೇ ವ್ಯಕ್ತಿಯ ರಿಪೋರ್ಟ್ 16 ಬಂದರೆ 32. ರೋಗಿ ತೂರಾಡುತ್ತಿರುತ್ತಾನೆ, ರಿಪೋರ್ಟ್ 'ನಾರ್ಮಲ್' ಎನ್ನುತ್ತಿರುತ್ತದೆ. ಜೊತೆಗೆ ವಾಲ್‌ಪ್ರೊಯೇಟ್ ಎಂಬ ಇನ್ನೊಂದು ಫಿಟ್ಸ್ ಔಷಧ ಕೊಡುತ್ತಿದ್ದರೂ ಇದೇ ಕಥೆ, ಅದು ಫೆನಿಟಾಯಿನನ್ನು ಆಲ್ಬುಮಿನ್‌ನಿಂದ ಎಬ್ಬಿಸಿ ತಾನು ಕೂರುತ್ತದೆ. ಆಗ ಈ ಸೂತ್ರವೂ ಸಾಲದು, ಬಿಡಿ ಫೆನಿಟಾಯಿನ್ನನ್ನೇ ಅಳೆಸಬೇಕು. ಅದು 1ರಿಂದ 2ರೊಳಗೆ ಇರಬೇಕು.

ವಿಷವಾಗಿದೆ ಎಂದು ತಿಳಿದಾಗ ಮಾಡುವುದೇನು? ಇದಕ್ಕೆ ಪ್ರತಿಮದ್ದು ಇಲ್ಲ. ಮನೆಯವರು ಮಾಡಬೇಕಾದ್ದು ಅದೇ ದಿನ ವೈದ್ಯರನ್ನು ಕಾಣುವುದು, ಅಲ್ಲಿಯವರೆಗೆ ರೋಗಿ ಒಬ್ಬರೇ ಎದ್ದು ಓಡಾಡದಂತೆ ನೋಡುವುದು. ಬಚ್ಚಲಿಗೆ ಹೋಗುವಾಗಲೂ ಜೊತೆಗಿರಬೇಕು. ಮಂಪರಿನಲ್ಲಿದ್ದರೆ ಮಲಗಿಸಿ ಊಟ, ನೀರು ಕೊಡಲೇಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಮುಂದಿನ ಡೋಸ್ ಎಷ್ಟು ಬಿಡಬೇಕು ಎಂಬುದನ್ನು ವೈದ್ಯರು ಮಟ್ಟ ನೋಡಿ ಹೇಳುತ್ತಾರೆ. ಇಳಿಯುವುದೂ ನಿಧಾನ. 60 ಕಿಲೋ ವ್ಯಕ್ತಿಯ ಕಿಣ್ವ ಪೂರ್ತಿ ದುಡಿದರೂ ದಿನಕ್ಕೆ ಸುಮಾರು 10ರಷ್ಟು ಇಳಿಸಬಲ್ಲದು, ನಿಧಾನದ ಕಿಣ್ವದವರಲ್ಲಿ ಇನ್ನೂ ಕಡಿಮೆ. ಒಂದೇ ಸಲ ಬಹಳ ಮಾತ್ರೆ ನುಂಗಿದ್ದರೆ ಕರುಳಿನಿಂದ ಹೀರುವಿಕೆ ಮುಂದುವರಿದು ಮೊದಲ ಒಂದೆರಡು ದಿನ ಮಟ್ಟ ಏರುತ್ತಲೇ ಹೋಗಬಹುದು. ಅಂಥವರಿಗೆ ಮತ್ತೆ ಮತ್ತೆ ಇದ್ದಿಲು ಪುಡಿ ಕುಡಿಸುವುದು, ತೀರಾ ಕೆಟ್ಟರೆ ಡಯಾಲಿಸಿಸ್, ಇವು ಆಸ್ಪತ್ರೆಯ ಕೆಲಸ. ಮಟ್ಟ 20ರ ಒಳಗೆ ಬಂದ ಮೇಲೆ ಹಿಂದಿಗಿಂತ ಕಡಿಮೆ ಡೋಸ್‌ನಲ್ಲಿ ಮತ್ತೆ ಶುರು. ಬಿಟ್ಟೇಬಿಡುವುದಾದರೆ ಬೇರೆ ಔಷಧ ಅದರ ಜಾಗಕ್ಕೆ ಬಂದ ಮೇಲೆಯೇ.

ಬೇಗ ಹಿಡಿದರೆ ಜೋಲಿ ಕೆಲವು ದಿನ, ಕೆಲವು ವಾರಗಳಲ್ಲಿ ಹೋಗುತ್ತದೆ. ಹಿಡಿಯದೆ ತಿಂಗಳುಗಟ್ಟಲೆ ಬಿಟ್ಟರೆ ಕಿರುಮೆದುಳಿನ ಪರ್ಕಿಂಜೆ ಎಂಬ ದೊಡ್ಡ ನರಕೋಶಗಳು ಸಾಯುತ್ತವೆ. ಎಂಆರ್‌ಐನಲ್ಲಿ ಕಿರುಮೆದುಳು ಸೊರಗಿ, ಅದರ ಮಡಿಕೆಗಳ ನಡುವಿನ ಸಂದು ಅಗಲವಾಗಿ ಕಾಣುತ್ತದೆ. ಅಪರೂಪಕ್ಕೆ ಒಂದೇ ಸಲದ ತೀವ್ರ ವಿಷದಿಂದಲೂ ಹೀಗಾಗಿದ್ದುಂಟು. ಮಾತ್ರೆ ನಿಲ್ಲಿಸಿದರೂ ಆ ಕೋಶಗಳು ಹಿಂದಿರುಗುವುದಿಲ್ಲ. ಉಳಿಯುವುದು ಫಿಸಿಯೋಥೆರಪಿ, ಊರುಗೋಲು. ಮೂವತ್ತರ ಹರೆಯದವರು ಊರುಗೋಲು ಹಿಡಿಯುವುದನ್ನು ಒಂದು ಬೆರಳಿನ ಪರೀಕ್ಷೆ ತಡೆಯಬಹುದಿತ್ತು ಎಂಬುದು ನುಂಗಲಾರದ ಸತ್ಯ.

ಬೇರೆ ಔಷಧಗಳಿಗೆ ಇಷ್ಟು ಜಟಿಲ ಲೆಕ್ಕವಿಲ್ಲ, ಆದರೆ ಪ್ರತಿಯೊಂದಕ್ಕೂ ತನ್ನದೇ ಚಾಳಿಯಿದೆ. ಕಾರ್ಬಮಾಜಪೈನ್ ನುಂಗಿ ಒಂದೆರಡು ಗಂಟೆಯಲ್ಲಿ ತಲೆ ತಿರುಗಿ, ಎರಡೆರಡು ಕಂಡು, ಮತ್ತೆ ಒಂದೆರಡು ಗಂಟೆಗೆ ತಾನೇ ಸರಿಹೋದರೆ ಒಟ್ಟು ಡೋಸ್ ಹೆಚ್ಚೆಂದೇ ಅಲ್ಲ, ಒಮ್ಮೆಲೇ ಏರುತ್ತಿದೆ ಎಂದೂ ಅರ್ಥ; ನಿಧಾನವಾಗಿ ಬಿಡುಗಡೆಯಾಗುವ ಸಿಆರ್ ಮಾತ್ರೆಗೆ ಬದಲಿಸಿದರೆ ಎಷ್ಟೋ ಸಲ ಸಾಕು. ಆ ಮಾತ್ರೆಯನ್ನು ಅಗಿದರೆ, ಕುಟ್ಟಿ ಪುಡಿ ಮಾಡಿದರೆ ನಿಧಾನದ ಗುಣವೇ ಹೋಗುತ್ತದೆ. ಗಂಟಲು ನೋವಿಗೆ ಎರಿತ್ರೋಮೈಸಿನ್ ಅಥವಾ ಕ್ಲಾರಿತ್ರೋಮೈಸಿನ್ ಕೊಟ್ಟರೆ ಎರಡು ಮೂರು ದಿನದಲ್ಲೇ ರೋಗಿ ತೂರಾಡಬಹುದು. ಅಜಿತ್ರೋಮೈಸಿನ್‌ಗೆ ಆ ತೊಂದರೆ ಇಲ್ಲವೆನ್ನುವಷ್ಟು ಕಡಿಮೆ. ವಯಸ್ಸಾದವರಲ್ಲಿ ಮಂಪರು, ಗೊಂದಲ ಕಂಡರೆ ರಕ್ತದ ಸೋಡಿಯಂ ನೋಡಿಸಬೇಕು. ಕಾರ್ಬಮಾಜಪೈನ್, ಅದಕ್ಕಿಂತ ಹೆಚ್ಚಾಗಿ ಆಕ್ಸ್‌ಕಾರ್ಬಜಪೈನ್, ಸೋಡಿಯಂ ಇಳಿಸುತ್ತವೆ. ಬಿಪಿಗೆ ಮೂತ್ರದ ಮಾತ್ರೆಯೂ ಇದ್ದರೆ ಇನ್ನೂ ಬೇಗ.

ವಾಲ್‌ಪ್ರೊಯೇಟ್‌ನಲ್ಲಿ ಮೊದಲು ಕಾಣುವುದು ಕೈನಡುಕ. ಕೈ ಮುಂದೆ ಚಾಚಿದಾಗ, ಕಾಫಿ ಲೋಟ ಹಿಡಿದಾಗ ನಡುಗುತ್ತದೆ. ಡೋಸ್ ಇಳಿಸಿದರೆ ಕಡಿಮೆಯಾಗುತ್ತದೆ. ನಾನು ಹೆಚ್ಚು ಒತ್ತಿ ಹೇಳಬೇಕಿರುವುದು ಅಮೋನಿಯಾ ಬಗ್ಗೆ. ಈ ಔಷಧ ಕೆಲವರಲ್ಲಿ ರಕ್ತದ ಅಮೋನಿಯಾ ಏರಿಸಿ ಮೆದುಳನ್ನು ಮಬ್ಬುಗೊಳಿಸುತ್ತದೆ: ಮಂಕು, ವಾಂತಿ, ಮಾತಿಗೆ ತಡವಾಗಿ ಉತ್ತರ, ಕೊನೆಗೆ ಎಚ್ಚರ ತಪ್ಪುವುದು. ಲಿವರ್ ಪರೀಕ್ಷೆ ಪೂರ್ತಿ ಸರಿಯಿದ್ದು, ವಾಲ್‌ಪ್ರೊಯೇಟ್ ಮಟ್ಟವೂ ಮಿತಿಯೊಳಗಿದ್ದು ಹೀಗಾಗಬಹುದು. ಆದ್ದರಿಂದ 'ಲಿವರ್ ಚೆನ್ನಾಗಿದೆ' ಎಂದು ಸುಮ್ಮನಾಗುವಂತಿಲ್ಲ, ಅಮೋನಿಯಾವನ್ನೇ ಕೇಳಿ ಮಾಡಿಸಬೇಕು. ಆ ರಕ್ತವನ್ನು ಐಸ್ ಮೇಲಿಟ್ಟು ಕೂಡಲೇ ಲ್ಯಾಬ್ ಮುಟ್ಟಿಸಬೇಕು. ಹೊರಗೆ ಬಿಟ್ಟರೆ ಟ್ಯೂಬಿನಲ್ಲೇ ಅಮೋನಿಯಾ ಹುಟ್ಟಿ ಸುಳ್ಳು ಅಂಕಿ ಬರುತ್ತದೆ. ಟೋಪಿರಮೇಟ್ ಅಥವಾ ಫೀನೋಬಾರ್ಬಿಟೋನ್ ಜೊತೆಗಿದ್ದರೆ ಈ ಅಪಾಯ ಹೆಚ್ಚು. ವಾಲ್‌ಪ್ರೊಯೇಟ್ ನಿಲ್ಲಿಸಿ ಲಿವೋಕಾರ್ನಿಟಿನ್ ಕೊಟ್ಟರೆ ಬಹುತೇಕರು ಚೇತರಿಸಿಕೊಳ್ಳುತ್ತಾರೆ. ವಯಸ್ಸಾದವರಲ್ಲಿ ವರ್ಷಗಟ್ಟಲೆ ತೆಗೆದುಕೊಂಡ ಮೇಲೆ ಪಾರ್ಕಿನ್‌ಸನ್‌ನಂತೆ ನಡಿಗೆ ಬಿಗಿಯಾಗಿ, ಮರೆವು ಬಂದು, ಔಷಧ ನಿಲ್ಲಿಸಿದ ತಿಂಗಳುಗಳಲ್ಲಿ ಸರಿಹೋಗುವುದೂ ಉಂಟು. ಪಾರ್ಕಿನ್‌ಸನ್ ಮಾತ್ರೆ ಬರೆಯುವ ಮುಂಚೆ ಹಳೆಯ ಚೀಟಿ ನೋಡಿದರೆ ಗೊತ್ತಾಗುವ ಸಂಗತಿ.

ಹುಟ್ಟಲಿರುವ ಮಗುವಿನ ಮೆದುಳಿನ ಮೇಲೆ ವಾಲ್‌ಪ್ರೊಯೇಟ್ ಮಾಡುವ ಹಾನಿ ಇದೆಲ್ಲಕ್ಕಿಂತ ದೊಡ್ಡದು. ಗರ್ಭದಲ್ಲಿ ಇದಕ್ಕೆ ಒಡ್ಡಿಕೊಂಡ ಸುಮಾರು ನೂರರಲ್ಲಿ ಹತ್ತು ಮಕ್ಕಳಿಗೆ ಅಂಗ ನ್ಯೂನತೆ, ಮೂವತ್ತರಿಂದ ನಲವತ್ತು ಮಕ್ಕಳಿಗೆ ಮಾತು, ಕಲಿಕೆ, ವರ್ತನೆಯ ಬೆಳವಣಿಗೆಯಲ್ಲಿ ತೊಂದರೆ. ಡೋಸ್ ಹೆಚ್ಚಿದಷ್ಟೂ ಹೆಚ್ಚು. ಬೆನ್ನುಹುರಿಯ ಕೊಳವೆ ಮುಚ್ಚುವುದು ಗರ್ಭ ನಿಂತ ಮೊದಲ ನಾಲ್ಕು ವಾರಗಳಲ್ಲಿ, ಅಂದರೆ ಹೆಚ್ಚಿನವರಿಗೆ ಗರ್ಭಿಣಿ ಎಂದು ಖಾತ್ರಿಯಾಗುವ ಹೊತ್ತಿಗೆ ಆ ಘಟ್ಟ ಮುಗಿದಿರುತ್ತದೆ. ಔಷಧ ಬದಲಿಸುವ ಮಾತು ಮದುವೆಗೆ ಮುಂಚೆ, ಕಡೆಯ ಪಕ್ಷ ಮಗು ಬೇಕೆಂದು ಯೋಚಿಸುವ ಮುಂಚೆ ಆಗಬೇಕು. ಹುಡುಗಿಗೆ ಫಿಟ್ಸ್ ಇರುವುದನ್ನು ಮುಚ್ಚಿಟ್ಟು ಮದುವೆ ಮಾಡುವ ಮನೆಗಳಲ್ಲಿ ಈ ಮಾತಿಗೆ ಜಾಗವೇ ಇರುವುದಿಲ್ಲ; ಮಾತ್ರೆ ಬಚ್ಚಿಟ್ಟು ನುಂಗುವ ಹುಡುಗಿ ವೈದ್ಯರ ಹತ್ತಿರ ಹೋಗುವುದಾದರೂ ಹೇಗೆ? ಗರ್ಭಿಣಿ ಎಂದು ಗೊತ್ತಾದ ಮೇಲೆ ಹೆದರಿ ಮಾತ್ರೆ ನಿಲ್ಲಿಸುವುದಂತೂ ತಾಯಿಗೂ ಮಗುವಿಗೂ ಅಪಾಯ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ 1998ರಿಂದ ನಡೆಯುತ್ತಿರುವ ಕೇರಳದ ನೋಂದಣಿ, ಫಿಟ್ಸ್ ಇರುವ ತಾಯಂದಿರನ್ನೂ ಅವರ ಮಕ್ಕಳನ್ನೂ ವರ್ಷಗಟ್ಟಲೆ ಹಿಂಬಾಲಿಸುತ್ತ ಬಂದಿದೆ. ನಮ್ಮ ದಕ್ಷಿಣದ ಹೆಣ್ಣುಮಕ್ಕಳದ್ದೇ ಮಾಹಿತಿ ಅದು.

ಫೀನೋಬಾರ್ಬಿಟೋನ್, ಅಂದರೆ ಗಾರ್ಡಿನಾಲ್, ದೊಡ್ಡವರನ್ನು ಮಲಗಿಸಿದರೆ ಚಿಕ್ಕ ಮಕ್ಕಳನ್ನು ಎಷ್ಟೋ ಸಲ ಕುಣಿಸುತ್ತದೆ: ನಿದ್ದೆಯಿಲ್ಲ, ಹಟ, ಒಂದು ಕಡೆ ಕೂರದಿರುವುದು. ಮಗು ತುಂಟ ಎಂದು ಬೈಯುವ ಮುನ್ನ ಮಾತ್ರೆ ಶುರುವಾದ ತಾರೀಕು ನೋಡಬೇಕು. ಜ್ವರದ ಫಿಟ್ಸ್‌ಗೆಂದು ಇದನ್ನು ದಿನಾ ಕೊಟ್ಟ ಮಕ್ಕಳ ಬುದ್ಧಿಮಟ್ಟ, ಕೊಡದವರಿಗಿಂತ ಸುಮಾರು 8 ಅಂಕ ಕಡಿಮೆ ಬಂದದ್ದು 1990ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ದಾಖಲಾಗಿದೆ. ಇದನ್ನೂ ಕ್ಲೋಬಜಾಮ್, ಕ್ಲೋನಜಪಾಮ್ ಜಾತಿಯವನ್ನೂ ಥಟ್ಟನೆ ನಿಲ್ಲಿಸುವುದು ಉಳಿದೆಲ್ಲವನ್ನೂ ನಿಲ್ಲಿಸುವುದಕ್ಕಿಂತ ಅಪಾಯ. ಇಳಿಸಲು ವಾರಗಳಲ್ಲ, ತಿಂಗಳುಗಳು ಬೇಕು.

ಲೆವಿಟಿರಾಸಿಟಮ್ ಈಗ ಬಹಳ ಬಳಕೆಯಲ್ಲಿದೆ, ಜೋಲಿ ಕಡಿಮೆ, ಬೇರೆ ಔಷಧಗಳ ಜೊತೆ ಜಗಳವೂ ಕಡಿಮೆ. ಆದರೆ ಸಿಡುಕು, ಕೋಪ, ಖಿನ್ನತೆ ತರುತ್ತದೆ. ಸಾಯುವ ಮಾತಾಡಿದರೆ ಅದೇ ದಿನ ವೈದ್ಯರನ್ನು ಕಾಣಬೇಕು. ಟೋಪಿರಮೇಟ್‌ನಲ್ಲಿ ಪದ ನಾಲಿಗೆ ತುದಿಗೆ ಬಂದು ನಿಲ್ಲುವುದು, ಬೆರಳ ತುದಿ ಜುಮ್ಮೆನ್ನುವುದು, 25 ಮಿ.ಗ್ರಾಂನಿಂದ ಶುರುಮಾಡಿ ವಾರಕ್ಕಿಷ್ಟು ಎಂದು ಏರಿಸಿದರೆ ಕಡಿಮೆ. ಹಸುಗೂಸುಗಳ ಒಂದು ಬಗೆಯ ಫಿಟ್ಸ್‌ಗೆ ಕೊಡುವ ವಿಗಾಬಾಟ್ರಿನ್ ದೃಷ್ಟಿಯ ಅಂಚನ್ನು ಶಾಶ್ವತವಾಗಿ ಕಿರಿದಾಗಿಸಬಲ್ಲದು, ಕಣ್ಣಿನ ಪರೀಕ್ಷೆ ಇಲ್ಲದೆ ಮುಂದುವರಿಸಬಾರದು. ಕಿಡ್ನಿ ಕೆಟ್ಟವರಿಗೆ ಗಾಬಾಪೆಂಟಿನ್, ಪ್ರಿಗಾಬಲಿನ್ ಮಾಮೂಲಿ ಡೋಸ್‌ನಲ್ಲಿ ಕೊಟ್ಟರೆ ಮಂಪರಿನ ಜೊತೆ ಕೈಕಾಲು ಬೆಚ್ಚಿಬೀಳುತ್ತವೆ.

ಔಷಧದ ಹೊರೆಯನ್ನೇ ಕಡಿಮೆ ಮಾಡಬಹುದಾದ ಒಂದು ಬಗೆಯ ಫಿಟ್ಸ್ ನಮ್ಮ ರಾಜ್ಯದಲ್ಲೇ ಹೆಚ್ಚಾಗಿ ಕಾಣುತ್ತದೆ. ತಲೆಗೆ ಬಿಸಿನೀರು ಹುಯ್ದುಕೊಂಡಾಗ ಮಾತ್ರ ಬರುವ ಫಿಟ್ಸ್ ಅದು. ಬೆಂಗಳೂರಿನಲ್ಲಿ ಡಾ. ಕೆ. ಎಸ್. ಮಣಿ, ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮುಂತಾದವರು ಇದನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಬಿಸಿನೀರನ್ನು ಉಗುರುಬೆಚ್ಚಗೆ ಮಾಡಿಕೊಂಡು, ತಲೆಯ ಮೇಲೆ ಬೇಗ ಬೇಗ ಚೊಂಬಿನಿಂದ ಹುಯ್ದುಕೊಳ್ಳುವುದನ್ನು ಬಿಟ್ಟರೆ ಕೆಲವರಿಗೆ ಅಷ್ಟೇ ಸಾಕು. ಸಾಲದಿದ್ದರೆ ತಲೆಸ್ನಾನದ ದಿನ, ಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ, 5ರಿಂದ 10 ಮಿ.ಗ್ರಾಂ ಕ್ಲೋಬಜಾಮ್ ಕೊಡುವ ಪದ್ಧತಿ ಇದೆ. ಬೇರೆ ಹೊತ್ತಿನಲ್ಲೂ ತಾನಾಗಿ ಫಿಟ್ಸ್ ಬರುವವರಿಗೆ ಇದು ಸಾಲದು, ಅವರಿಗೆ ದಿನಾ ಮಾತ್ರೆ ಬೇಕು. ಬರೀ ಸ್ನಾನದಲ್ಲಿ ಬರುವವರಿಗೆ ವರ್ಷಗಟ್ಟಲೆ ಫೆನಿಟಾಯಿನ್ ನಡೆಯುತ್ತಿದ್ದರೆ, ಮುಂದಿನ ಸಲ ಒಪಿಡಿಗೆ ಹೋದಾಗ ಈ ಪ್ರಶ್ನೆ ಕೇಳಿ: ವಾರಕ್ಕೊಂದು ಮಾತ್ರೆಯಲ್ಲಿ ಆಗುತ್ತದೆಯೇ?